ಕಾರವಾರದಲ್ಲಿ ಬ್ಲೂಟೂತ್ ಸ್ಪೀಕರ್ ರಿಪೇರಿ: ಕೆಲ್ಸ ಚೊಲೋ, 'ಫಾಲ್ಯಾ' ಮಾತ್ರ ನಂಬ್ಬೇಡಿ

ಅಂಗಡಿ ಹೆಸ್ರು ಕೇಳ್ಬೇಡಿ, ಬೋರ್ಡೇ ಇಲ್ಲ. ಇದ್ದ ಬೋರ್ಡು ತುಕ್ಕು ಹಿಡಿದು ಯಾವ್ದೋ ಮಳೆಗಾಲದಲ್ಲಿ ಕಳಚಿ ಬಿತ್ತಂತೆ, ಆಮೇಲೆ ಹಾಕ್ಸೇ ಇಲ್ಲ. ಮಾರ್ಕೆಟ್ ಕಡೆ ಗಲ್ಲಿಯಲ್ಲಿ ಹಳೇ ಆಂಪ್ಲಿಫೈಯರು, ಮಿಕ್ಸಿ, ಬೋಟಿನ ಸ್ಟೀರಿಯೋ, ಭಜನೆಯವ್ರ ಮೈಕು ಎಲ್ಲ ಹೊಸ್ತಿಲ ತನಕ ರಾಶಿ ಬಿದ್ದು, ಒಳಗೆ ಒಬ್ರು ಕನ್ನಡಕ ಹಣೆ ಮೇಲೆ ಏರಿಸ್ಕೊಂಡು ಕೂತಿರ್ತಾರೆ, ಎಲ್ರೂ ಮಾಮ ಅಂತಾರೆ, ನಾನೂ ಮಾಮ ಅಂತೀನಿ. ರಿವ್ಯೂ ಬರೀತೀನಿ ಅಂದಿದ್ದಕ್ಕೆ 'ಹೆಸ್ರು ಗಿಸ್ರು ಹಾಕ್ಬೇಡ ಮಾರಾಯಾ, ಇರೋ ಕೆಲ್ಸಾನೇ ಮುಗೀತಾ ಇಲ್ಲ' ಅಂದ್ರು. ಹಾಗಾಗಿ ಹಾಕಿಲ್ಲ, ಕೇಳ್ಕೊಂಡು ಹೋದ್ರೆ ಸಿಗ್ತದೆ.

ನಮ್ಮನೇಲಿ ಒಂದು ಬ್ಲೂಟೂತ್ ಸ್ಪೀಕರ್ ಇದೆ, 2021ರಲ್ಲಿ 4,500 ಕೊಟ್ಟು ತಗೊಂಡಿದ್ದು, ಒಂದು ಲೀಟರ್ ನೀರಿನ ಬಾಟ್ಲಿ ಅಡ್ಡ ಮಲಗಿಸಿದಷ್ಟು ಉದ್ದ. ಬೆಳಿಗ್ಗೆ ಅಮ್ಮನ ಭಜನೆ, ಸಂಜೆ ಅಪ್ಪನ ಯಕ್ಷಗಾನ, ರವಿವಾರ ಮಾತ್ರ ನಮ್ಮ ಕೈಗೆ. ಒಳಗೆ ಎಡಕ್ಕೊಂದು ಬಲಕ್ಕೊಂದು ಎರಡಿಂಚಿನ ಡ್ರೈವರ್, ಹಿಂದ್ಗಡೆ ಒಂದು ರಬ್ಬರಿನ ಪ್ಯಾಸಿವ್ ರೇಡಿಯೇಟರ್, ಅಂದ್ರೆ ಬೇಸಿಗೆ ಅಂತ ಇರೋ ಪೊರೆ. ಡ್ರೈವರ್ ಅಂದ್ರೆ ಆ ಕೋನು, ಕಾಯ್ಲು, ಮ್ಯಾಗ್ನೆಟ್ಟು ಸೇರಿ ಒಂದು ದುಂಡನೇ ಪೀಸು ಇರ್ತದಲ್ಲ ಅದು, ನಮ್ಮೂರಿನ ಅಂಗಡಿಗಳಲ್ಲಿ ಅದಕ್ಕೂ ಸ್ಪೀಕರ್ ಅಂತಾನೇ ಹೇಳೋದು, ಪೆಟ್ಟಿಗೆಗೂ ಸ್ಪೀಕರ್ರೇ. ನಾನು ಮನೇಲಿ 'ಡ್ರೈವರ್ ಹೋಗಿದೆ' ಅಂದಾಗ ಅಮ್ಮ 'ಎಲ್ಲಿಗೆ ಹೋದ' ಅಂತ ಕೇಳಿದ್ರು.

ಹೋಗಿದ್ದು ಹೇಗೆ ಅಂತ ಹೇಳ್ಲೇಬೇಕು, ಯಾಕಂದ್ರೆ ತಪ್ಪು ನಂದೇ. ಬಲಗಡೆ ಜಾಲರಿ ಹೋದ ವರ್ಷವೇ ಕಿತ್ತು ಹೋಗಿತ್ತು, ಮಗ ಆ ಕೋನಿನ ಮಧ್ಯ ಇರೋ ಟೊಪ್ಪಿ, ಡಸ್ಟ್ ಕ್ಯಾಪ್ ಅಂತಾರೆ, ಅದನ್ನ ಬೆರಳಲ್ಲಿ ಒತ್ತಿ ತಗ್ಗು ಮಾಡಿದ್ದ. ನಾನು ವಿಡಿಯೋ ನೋಡಿ ಸೆಲ್ಲೋಟೇಪ್ ಅಂಟ್ಸಿ ಎಳೆದೆ, ತಗ್ಗೇನೋ ಎದ್ದು ಬಂತು, ಆದ್ರೆ ಜೊತೆಗೆ ಒಂದು ಬದಿ ಗೋಂದೂ ಬಿಟ್ಟಿದೆ, ಅದು ನಂಗೆ ಕಾಣ್ಲಿಲ್ಲ. ಅದಾಗಿ ಮೇ ರಜೆಯಲ್ಲಿ ಅಕ್ಕನ ಮಕ್ಕಳು ಬಂದಾಗ ಎಲ್ಲ ಸೇರಿ ತೀಳಮಾತಿ ಬೀಚಿಗೆ ಹೋದ್ವಿ. ಹೋಗದೇ ಇದ್ದವ್ರಿಗೆ ಹೇಳ್ತೀನಿ, ಮಾಜಾಳಿ ಕಡೆಯಿಂದ ಗುಡ್ಡ ಹತ್ತಿ ಇಳಿದು ಹೋಗೋ ಜಾಗ, ಗೋವಾ ಗಡಿ ಅಲ್ಲೇ ಪಕ್ಕ, ಕೊಂಕಣಿಯಲ್ಲಿ ತೀಳ್ ಅಂದ್ರೆ ಎಳ್ಳು, ಮಾತಿ ಅಂದ್ರೆ ಮಣ್ಣು, ಮರಳು ನಿಜವಾಗ್ಲೂ ಕರಿ ಎಳ್ಳು ಚೆಲ್ಲಿದ ಹಾಗೇ ಇದೆ. ಅಂಥಾ ಮರಳ ಮೇಲೆ ಸ್ಪೀಕರನ್ನ ಬಾಯಿ ಮೇಲೆ ಮಾಡಿ ಇಟ್ಟು ಎರಡು ತಾಸು ಹಾಡು ಹಾಕಿದ್ವಿ. ಮಕ್ಕಳು ಮರಳು ಎರಚಾಡಿದ್ರು. ಡಬ್ಬದ ಮೇಲೆ ಐಪಿಎಕ್ಸ್ 7 ಅಂತ ಬರೆದಿತ್ತಲ್ಲ, ಏನಾಗ್ತದೆ ಅನ್ನೋ ಧೈರ್ಯ.

ಆ ಎಕ್ಸ್ ಇದೆಯಲ್ಲ ಅದರ ಅರ್ಥ ಗೊತ್ತಾಗಿದ್ದು ಆಮೇಲೆ. 7 ಅಂದ್ರೆ ಒಂದು ಮೀಟರ್ ನೀರಲ್ಲಿ 30 ನಿಮಿಷ ತಡೀತದೆ ಅಂತ, ಅದೂ ಸಿಹಿನೀರಲ್ಲಿ ಮಾಡೋ ಟೆಸ್ಟು, ಸಮುದ್ರದ ನೀರಲ್ಲಲ್ಲ. ಎಕ್ಸ್ ಇರೋ ಜಾಗದಲ್ಲಿ ಧೂಳಿನ ನಂಬರ್ ಇರ್ಬೇಕು. ಎಕ್ಸ್ ಅಂತ ಹಾಕಿದ್ರೆ ಧೂಳಿನ ಬಗ್ಗೆ ಕಂಪನಿ ಏನೂ ಹೇಳಿಲ್ಲ ಅಂತ ಅರ್ಥ. ಬೀಚಿಗೆ ಒಯ್ಯೋದಿದ್ರೆ ಐಪಿ 67 ಅಂತ ಇರೋದು ನೋಡಿ ತಗೊಳ್ಳಿ, ಆ 6 ಧೂಳಿಂದು. ನಾವು ಸಮುದ್ರದ ಪಕ್ಕ ಇದ್ದೂ ಇದು ಗೊತ್ತಿರ್ಲಿಲ್ಲ.

ಎರಡು ದಿನ ಬಿಟ್ಟು ಅಪ್ಪನೇ ಕಂಡು ಹಿಡಿದಿದ್ದು. ಭಾಗವತ್ರ ದನಿ ಸರಿ ಇದೆ, ಚಂಡೆ ಸರಿ ಇದೆ, ಮದ್ದಲೆ ಗುಂ ಅನ್ನೋ ಕಡೆ ಮಾತ್ರ ಕರ್ರ್ ಅಂತದೆ, ಹರಿದ ಕಾಗ್ದ ಗಾಳಿಗೆ ಬಡ್ಕೊಂಡ ಹಾಗೆ. ವಾಲ್ಯೂಮ್ ಸಣ್ಣ ಇಟ್ರೆ ಗೊತ್ತಾಗಲ್ಲ. ಮೊದ್ಲು ರೆಕಾರ್ಡಿಂಗೇ ಹಾಗಿದೆ ಅಂತ ಅಪ್ಪನಿಗೆ ಸಮಜಾಯಿಷಿ ಹೇಳ್ದೆ, ಅವರು ನಂಬ್ಲಿಲ್ಲ, ಬೇರೆ ಮೂರು ಪ್ರಸಂಗ ಹಾಕಿ ತೋರ್ಸಿದ್ರು.

ಕಂಪನಿ ಸರ್ವೀಸಿಗೆ ಫೋನ್ ಮಾಡಿದ್ರೆ ವಾರಂಟಿ ಮುಗಿದಿದೆ, ಡ್ರೈವರ್ ಬಿಡಿಯಾಗಿ ಬರಲ್ಲ, ಹಳೇದು ಕೊಟ್ಟು ಹೊಸದು ತಗೊಳ್ಳಿ ಸ್ವಲ್ಪ ಡಿಸ್ಕೌಂಟ್ ಕೊಡ್ತೀವಿ ಅಂದ್ರು. ಇನ್ನೊಂದು ಮೊಬೈಲ್ ಅಂಗಡಿಯಲ್ಲಿ ಬಿಚ್ಚದೇನೇ ಕೈಯಲ್ಲಿ ಹಿಡಿದು ಅಲ್ಲಾಡ್ಸಿ 'ಐಸಿ ಹೋಗಿದೆ, 1,800 ಆಗ್ತದೆ' ಅಂದ, ಐಸಿ ಅಂದ್ರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಚಿಪ್ಪು. ಒಂದೇ ಬದಿಯಲ್ಲಿ, ದಪ್ಪ ಸೌಂಡಿಗೆ ಮಾತ್ರ ಕರಕರ ಅಂದ್ರೆ ಐಸಿ ಹೇಗೆ ಹೋಗಿರ್ತದೆ ಅಂತ ನಂಗೇ ಡೌಟ್ ಬಂತು, ವಾಪಸ್ ಬಂದೆ. ಆಮೇಲೆ ಪಕ್ಕದ್ಮನೆಯವ್ರು ಮಾಮನ ಹೆಸ್ರು ಹೇಳಿದ್ದು.

ಮಾಮನ ಹತ್ರ ನಂಗೆ ಇಷ್ಟ ಆಗಿದ್ದು ಇದು: ರೇಟ್ ಹೇಳೋ ಮೊದ್ಲು ಏನಾಗಿದೆ ಅಂತ ನಮ್ಮೆದ್ರೇ ನೋಡ್ತಾರೆ, ನೋಡ್ತಾ ನೋಡ್ತಾ ಹೇಳ್ತಾರೆ. ಮೊದ್ಲು ಅವರ ಫೋನಿಂದ ಒಂದು ಟೋನ್ ಆ್ಯಪ್ ಹಾಕಿ ದಪ್ಪ ದನಿಯಿಂದ ಸಪೂರಕ್ಕೆ ಮೆಲ್ಲಗೆ ಏರ್ಸಿದ್ರು, ಕಣ್ಣು ಮುಚ್ಕೊಂಡು ಕೇಳಿದ್ರು, ಬಲಗಡೆ ಡ್ರೈವರ್ ಮಾತ್ರ ಒಂದು ಜಾಗದಲ್ಲಿ ಕೆರೀತದೆ ಅಂದ್ರು. ಆಮೇಲೆ ಅಡಿಯ ರಬ್ಬರ್ ಪಟ್ಟಿಗೆ ಹೇರ್ ಡ್ರೈಯರ್ ಹಿಡಿದು ಬಿಸಿ ಮಾಡಿ ಎತ್ತಿದ್ರು, ಸ್ಕ್ರೂ ಎಲ್ಲ ಅದರ ಕೆಳಗೆ ಅಡಗಿಸಿ ಇಟ್ಟಿರ್ತಾರಂತೆ. ಆರ್ರಲ್ಲಿ ಎರಡು ಸ್ಕ್ರೂ ತುಕ್ಕು ಹಿಡಿದು ತಲೆ ಸವೆದಿತ್ತು. ಬಿಚ್ಚಿದ ಕೂಡ್ಲೇ ಬ್ಯಾಟ್ರಿ ಕನೆಕ್ಟರ್ ಕಿತ್ತು ಪಕ್ಕಕ್ಕೆ ಇಟ್ರು. ಲೀಥಿಯಂ ಬ್ಯಾಟ್ರಿ ಜೋಡ್ಸಿಟ್ಟೇ ಸ್ಕ್ರೂಡ್ರೈವರ್ ಆಡ್ಸೋದು, ಬ್ಯಾಟ್ರಿ ಇರೋ ಕಡೆ ಡ್ರೈಯರ್ ಹಿಡಿಯೋದು ಎರಡೂ ಮಾಡ್ಬೇಡಿ ಅಂದ್ರು. ನಾನು ಮನೇಲಿ ಮಾಡ್ಬೇಕು ಅಂತ ಅಂದ್ಕೊಂಡಿದ್ದು ಅದನ್ನೇ.

ಮಲ್ಟಿಮೀಟರ್ ಹಿಡಿದು ಕಾಯ್ಲಿನ ರೆಸಿಸ್ಟೆನ್ಸ್ ನೋಡಿದ್ರು, ಎಡಗಡೆ 3.6 ಓಮ್, ಬಲಗಡೆ 3.5. ಡ್ರೈವರ್ ಹಿಂದೆ 4 ಓಮ್ ಅಂತ ಪ್ರಿಂಟ್ ಇದ್ರೂ ಮೀಟರಲ್ಲಿ ಸ್ವಲ್ಪ ಕಮ್ಮಿನೇ ತೋರ್ಸೋದು, ಅದು ಸರಿ. ಕಾಯ್ಲ್ ಸುಟ್ಟಿದ್ರೆ ಏನೂ ತೋರ್ಸಲ್ಲ, ಇಲ್ಲಾ ಸೊನ್ನೆ ಹತ್ರ ಬರ್ತದೆ. ಅಂದ್ರೆ ಕಾಯ್ಲ್ ಸುಟ್ಟಿಲ್ಲ. ಆಮೇಲೆ ಎರಡು ಹೆಬ್ಬೆರಳು ಕೋನಿನ ಎರಡು ಬದಿಗಿಟ್ಟು ಸಮ ಒತ್ತಿ ಬಿಟ್ರು, ಎಡಗಡೇದು ಬೆಣ್ಣೆ ಹಾಗೆ ಹೋಗಿ ಬಂತು, ಬಲಗಡೇದು ಒತ್ತಿದ್ರೆ ಕಿವಿಗೆ ಸರ್ರ್ ಅಂತ ಕೇಳ್ತದೆ. ನನ್ನ ಕೈಲೂ ಒತ್ಸಿದ್ರು. ವಾರೆ ಒತ್ತಿದ್ರೆ ಒಳ್ಳೇ ಡ್ರೈವರ್ರೂ ಕೆರೀತದೆ, ಅದಕ್ಕೆ ಸಮ ಒತ್ಬೇಕು ಅಂತ ಬೈಸ್ಕೊಂಡೆ.

ಆಮೇಲೆ ಬ್ಲೇಡಿಂದ ಆ ಟೊಪ್ಪಿ ಎತ್ತಿ ಲೆನ್ಸ್ ಕೊಟ್ಟು ನೋಡು ಅಂದ್ರು. ನಾನು ಎಂತ ಹೇಳ್ಲಿ ಮಾರಾಯ್ರೆ, ಒಳಗೆ ಮ್ಯಾಗ್ನೆಟ್ಟಿನ ಕಂಬದ ಸುತ್ತ ಕರಿ ಮರಳು ಮೀಸೆ ಬಂದ ಹಾಗೆ ನಿಂತಿದೆ, ಎಳ್ಳುಂಡೆ ಕಟ್ಟಿಟ್ಟ ಹಾಗೆ. ಕರಿ ಮರಳಲ್ಲಿ ಕಬ್ಬಿಣದ ಅಂಶ ಇರೋ ಕಾಳು ಇರ್ತಾವೆ, ಬಿಳಿ ಮರಳಾದ್ರೆ ಕೊಡವಿದ್ರೆ ಬೀಳ್ತದೆ, ಇದು ಮ್ಯಾಗ್ನೆಟ್ ಕಂಡ್ರೆ ತಾನೇ ಓಡಿ ಹೋಗಿ ಕೂರ್ತದೆ. ಕಾಯ್ಲ್ ಓಡಾಡೋ ಸಂದಿ ಒಂದು ಕೂದಲಿಗಿಂತ ಸ್ವಲ್ಪ ದಪ್ಪ ಅಷ್ಟೇ, ಅದರಲ್ಲಿ ಕಾಳು ಕೂತ್ರೆ ಮದ್ದಲೆ ಹೊಡೆದಾಗೆಲ್ಲ ಕಾಯ್ಲ್ ಅದಕ್ಕೆ ಉಜ್ಜೋದೇ. ಕೋನು ಜಾಸ್ತಿ ಓಡಾಡೋದು ದಪ್ಪ ದನಿಗೆ, ಅದಕ್ಕೇ ಭಾಗವತ್ರು ಬಚಾವ್. ನಾನು ಬ್ಲೋವರ್ ಹಿಡಿದ್ರೆ ಹೋಗಲ್ವಾ ಅಂದೆ. 'ಗಾಳಿಗೆ ಮ್ಯಾಗ್ನೆಟ್ ಬಿಡ್ತದಾ' ಅಂತ ನಕ್ಕು, ಅಂಟಿನ ಟೇಪನ್ನ ಸಪೂರ ಮಡಚಿ ಸಂದಿಗೆ ಇಳಿಸಿ ಸುತ್ತ ಎಳೀತಾ ಹೋದ್ರು, ಅರ್ಧ ತಾಸು, ಒಂದೊಂದು ಸಲವೂ ಟೇಪ್ ಮೇಲೆ ನಾಲ್ಕೈದು ಕಾಳು. ಕೊನೆಗೆ ಕೆರೆಯೋದು ಮುಕ್ಕಾಲು ಕಮ್ಮಿ ಆಯ್ತು, ಪೂರ್ತಿ ಹೋಗ್ಲಿಲ್ಲ, ಕಾಯ್ಲ್ ಮೇಲಿನ ವಾರ್ನಿಶ್ ಆಗ್ಲೇ ಗೀರಿ ಹೋಗಿತ್ತು. 'ಇದು ಇವತ್ತು ಓಡ್ತದೆ, ಮುಂದಿನ ತಿಂಗ್ಳು ಶಾರ್ಟ್ ಆಗಿ ನಿನ್ನ ಬೋರ್ಡೂ ತಗೊಂಡು ಹೋಗ್ತದೆ' ಅಂದ್ರು. ಆ ಅರ್ಧ ತಾಸಿಗೆ ದುಡ್ಡು ತಗೊಳ್ಲಿಲ್ಲ.

ಕೋನ್ ಮಾತ್ರ ಬದಲಿಸಕ್ಕೆ ಆಗಲ್ವಾ ಅಂತ ಕೇಳ್ದೆ, ಯಾಕಂದ್ರೆ ಅಂಗಡಿ ತುಂಬ ಹನ್ನೆರಡು ಇಂಚಿಂದು ಹದಿನೈದು ಇಂಚಿಂದು ಕೋನ್ ತೂಗು ಹಾಕಿತ್ತು. ಯಕ್ಷಗಾನ, ನಾಟ್ಕ, ಮದ್ವೆ ಮೈಕ್ ಸೆಟ್ಟಿನವ್ರು ಬರ್ತಾರೆ, ದೊಡ್ಡದಕ್ಕೆ ಕಾಯ್ಲು ಕೋನು ಕಿಟ್ ಸಿಗ್ತದೆ, ಮಾಡಿದ್ರೆ ಗಿಟ್ತದೆ. ಎರಡಿಂಚಿನದ್ದಕ್ಕೆ ಕಿಟ್ಟೂ ಇಲ್ಲ, ಮಾಡಿದ್ರೂ ಕೂಲಿ ಹೊಸ ಡ್ರೈವರಿಗಿಂತ ಜಾಸ್ತಿ. ಬದಲಿಸೋದೇ ದಾರಿ, ಅದೂ ಎರಡನ್ನೂ ಬದಲಿಸು, ಒಂದು ಹಳೇದು ಒಂದು ಹೊಸದು ಇಟ್ರೆ ಎರಡು ಕಿವಿಗೆ ಎರಡು ಸೌಂಡು ಅಂದ್ರು. ಇದು ಎಕ್ಸ್ಟ್ರಾ ದುಡ್ಡಿಗೆ ಹೇಳ್ತಾರಾ ಅಂತ ಒಂದು ಕ್ಷಣ ಅನ್ನಿಸ್ತು, ಆಮೇಲೆ ಮನೇಲಿ ಓದ್ಕೊಂಡೆ, ಸರಿಯೇ ಹೇಳಿದ್ದು. ಒಂದೇ ಸೈಜು, ಒಂದೇ ಓಮ್ ಇದ್ರೂ ಬೇರೆ ಮೇಕ್ ಅಂದ್ರೆ ಅದೇ ವ್ಯಾಟಿಗೆ ಒಂದು ಜೋರು ಒಂದು ಸಣ್ಣ ಕೇಳ್ತದೆ.

ಈಗ ಬೈಗುಳದ ಭಾಗ. ನಾನು ಕೊಟ್ಟಿದ್ದು ಜೂನ್ ಮೊದಲ ವಾರ. ಯಾವಾಗ ಬರ್ಲಿ ಅಂದ್ರೆ 'ಫಾಲ್ಯಾ' ಅಂದ್ರು. ಕೊಂಕಣಿ ಬರೋರಿಗೆ ಗೊತ್ತು, ಫಾಲ್ಯಾ ಅಂದ್ರೆ ನಾಳೆ. ಮಾಮನ ಅಂಗಡಿಯಲ್ಲಿ ಫಾಲ್ಯಾ ಅಂದ್ರೆ ಇವತ್ತಲ್ಲ ಅಂತ ಮಾತ್ರ ಅರ್ಥ. ಹನ್ನೊಂದು ದಿನ ಆಯ್ತು, ನಾಲ್ಕು ಸಲ ಮಳೇಲಿ ನೆನ್ಕೊಂಡು ಹೋಗಿ ಬಂದೆ, ಫೋನ್ ಎತ್ತಲ್ಲ, ಎತ್ತಿದ್ರೂ ಹಿಂದೆ ಯಾವ್ದೋ ಆಂಪ್ಲಿಫೈಯರ್ ಕೂಗ್ತಾ ಇರ್ತದೆ ಏನೂ ಕೇಳಲ್ಲ. ಅವರ ಕಡೆ ಕಾರಣವೂ ಇದೆ ಅನ್ನಿ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ಬಂದ್, ಬೋಟೆಲ್ಲ ಬೈತಖೋಲ ಬಂದರಲ್ಲಿ ಲಂಗರು ಹಾಕಿರ್ತಾವೆ, ಆ 61 ದಿನದಲ್ಲೇ ಬೋಟಿನವ್ರು ವರ್ಷದ ಉಪ್ಪು ತಿಂದ ಸ್ಟೀರಿಯೋ, ಸ್ಪೀಕರ್ ಎಲ್ಲ ತಂದು ಸುರೀತಾರೆ. ಅವರ ಡ್ರೈವರಿನ ಸಣ್ಣ ಹೆಣಿಗೆ ವೈರ್ ಹಸ್ರು ಬಣ್ಣಕ್ಕೆ ತಿರುಗಿ ಮುಟ್ಟಿದ್ರೆ ಪುಡಿ. ಅಂಗಡಿಯಲ್ಲಿ ಒಂದು ಮರದ ಪೆಟ್ಟಿಗೆ ಒಳಗೆ ಹಳೇ ಕಾಲದ ಬಲ್ಬ್ ಹಗಲು ರಾತ್ರಿ ಉರೀತಾ ಇರ್ತದೆ, ನೆನೆದ ಬೋರ್ಡೆಲ್ಲ ಅದರಲ್ಲಿ ಒಣಗ್ತಾ ಇರ್ತದೆ, ನಮ್ಮಜ್ಜಿ ಹಪ್ಪಳ ಒಣಗಿಸಿದ ಹಾಗೆ. ಆದ್ರೂ ಹತ್ತು ದಿನ ಆಗ್ತದೆ ಅಂತ ಮೊದ್ಲೇ ಹೇಳಿದ್ರೆ ನಂಗೆ ಪೆಟ್ರೋಲ್ ಉಳೀತಿತ್ತು.

ಇನ್ನೊಂದು ಕಾರಣ, ಹುಬ್ಬಳ್ಳಿಯಿಂದ ತರಿಸಿದ ಮೊದಲ ಜೋಡಿ ಕೂರ್ಲಿಲ್ಲ. ಅಗಲ ಸರಿ ಇತ್ತು, 52 ಎಂಎಂ, ತೂತೂ ಸರಿ ಇತ್ತು, ಹಿಂದಿನ ಮ್ಯಾಗ್ನೆಟ್ ಮಾತ್ರ ದಪ್ಪ ಫೆರೈಟ್, ಬ್ಯಾಟ್ರಿಗೆ ಹೋಗಿ ತಾಗ್ತದೆ. ಒರಿಜಿನಲ್ಲಿಗೆ ಇದ್ದಿದ್ದು ನಿಯೋಡೈಮಿಯಂ, ಅಂದ್ರೆ ಸಣ್ಣದಾದ್ರೂ ಜೋರು ಎಳೆಯೋ ಮ್ಯಾಗ್ನೆಟ್, ಎಂಟಾಣೆ ದಪ್ಪದ್ದು. ನೀವು ಆನ್‌ಲೈನಲ್ಲಿ ನೀವೇ ತರಿಸ್ತೀರಿ ಅಂತಾದ್ರೆ ಅಗಲ, ಓಮ್ ನೋಡಿ ಸುಮ್ನಾಗ್ಬೇಡಿ, ಆಳವನ್ನೂ ಸ್ಕೇಲ್ ಹಿಡಿದು ಅಳೀರಿ. ಎರಡನೇ ಜೋಡಿ ಬಂತು, ತಲಾ 340 ರೂಪಾಯಿ, 4 ಓಮ್, 10 ವ್ಯಾಟ್, ನಿಯೋಡೈಮಿಯಂ, ಸರಿ ಕೂತ್ಕೊಳ್ತು.

ಮನೆಗೆ ತಂದು ಹಾಕಿದ್ರೆ ಕರಕರ ಇಲ್ಲ, ಆದ್ರೆ ಬೇಸೂ ಇಲ್ಲ! ದನಿ ತಲೆ ಹಿಂದೆ ಎಲ್ಲೋ ತೇಲ್ತಾ ಇದೆ, ಮದ್ದಲೆ ರಟ್ಟಿನ ಡಬ್ಬ ಬಡಿದ ಹಾಗೆ. ಅಪ್ಪ ಇದಕ್ಕಿಂತ ಮೊದಲಿಂದೇ ಅಡ್ಡಿ ಇರ್ಲಿಲ್ಲ ಅಂದ್ರು, ನಂಗೆ ಸಿಟ್ಟು ನೆತ್ತಿಗೇರಿ ಅದೇ ಸಂಜೆ ವಾಪಸ್ ಹೋದೆ. ಮಾಮ ಹಾಡು ಹಾಕಿ ಹಿಂದಿನ ರಬ್ಬರ್ ರೇಡಿಯೇಟರ್ ಮೇಲೆ ಬೆರಳಿಟ್ರು, 'ಹೆಣದ ಹಾಗೆ ಬಿದ್ದಿದೆ, ಉಲ್ಟಾ ಆಗಿದೆ' ಅಂದ್ರು. ರೇಡಿಯೇಟರಿಗೆ ವೈರೇ ಇಲ್ಲ, ಎರಡೂ ಡ್ರೈವರ್ ಒಟ್ಟಿಗೆ ಒಳಗೆ ಹೋದಾಗ ಪೆಟ್ಟಿಗೆ ಒಳಗಿನ ಗಾಳಿ ಅದನ್ನ ಹೊರಗೆ ನೂಕೋದು, ಬೇಸ್ ಬರೋದೇ ಅದರಿಂದ. ಒಂದು ಡ್ರೈವರಿಗೆ ಪ್ಲಸ್ ಮೈನಸ್ ತಿರುಗಿದ್ರೆ ಒಂದು ಒಳಗೆ ಒಂದು ಹೊರಗೆ, ಗಾಳಿ ಇಲ್ಲಿಂದ ಅಲ್ಲಿಗೆ ಓಡಾಡ್ತದೆ ಅಷ್ಟೇ, ರೇಡಿಯೇಟರಿಗೆ ಕೆಲ್ಸವೇ ಇಲ್ಲ. ಬಿಚ್ಚಿ ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ಮುಟ್ಟಿಸಿ ನೋಡಿದ್ರು, ಪ್ಲಸ್ಸಿಗೆ ಪ್ಲಸ್ ಕೊಟ್ರೆ ಕೋನು ಹೊರಗೆ ಜಿಗೀಬೇಕು, ಒಂದು ಜಿಗೀತು, ಇನ್ನೊಂದು ಒಳಗೆ ಹೋಯ್ತು. ಕೆಂಪು ಚುಕ್ಕೆಯನ್ನ ಮಾಡಿದವ್ರೇ ತಪ್ಪು ಕಾಲಿಗೆ ಇಟ್ಟಿದ್ರು. ವೈರ್ ಬದಲಿಸಿ ಬೆಸುಗೆ ಹಾಕಿದ್ರು, ಹತ್ತೇ ನಿಮಿಷ. ಹಾಕೋ ಮೊದ್ಲೇ ಸೆಲ್ ಮುಟ್ಟಿಸಿ ನೋಡ್ಬೇಕಿತ್ತು, ನೋಡಿಲ್ಲ, ಅವರೂ ಒಪ್ಕೊಂಡ್ರು, ಚಾ ಕುಡಿಸಿದ್ರು.

ಸೀಲ್ ಮಾಡೋ ವಿಷಯದಲ್ಲಿ ಮಾತ್ರ ಭಾರೀ ಶಿಸ್ತು. ನಾನು ಖರ್ಚು ಉಳೀಲಿ ಅಂತ ಬಾತ್ರೂಮಿಗೆ ತಂದ ಸಿಲಿಕಾನ್ ಟ್ಯೂಬ್ ಒಯ್ದಿದ್ದೆ, ಮೂಸಿ ನೋಡಿ ವಾಪಸ್ ಕೊಟ್ರು, ವಿನೆಗರ್ ತರ ಹುಳಿ ವಾಸ್ನೆ ಬರೋ ಸಿಲಿಕಾನ್ ಒಣಗ್ತಾ ತಾಮ್ರ ತಿಂತದಂತೆ. ಫೋಮ್ ಗ್ಯಾಸ್ಕೆಟ್ ಕತ್ತರಿಸಿ ಹಾಕಿ ಮುಚ್ಚಿ, ರೇಡಿಯೇಟರ್ ಮೆಲ್ಲಗೆ ಒತ್ತಿ ಹಿಡಿದು ತೋರ್ಸಿದ್ರು, ಮುಂದಿನ ಎರಡೂ ಕೋನು ಹೊರಗೆ ಉಬ್ಬಿ ನಿಲ್ಬೇಕು, ಟಕ್ ಅಂತ ವಾಪಸ್ ಬಂದ್ರೆ ಎಲ್ಲೋ ಗಾಳಿ ಹೋಗ್ತಿದೆ ಅಂತ ಲೆಕ್ಕ. ನಿಂತಿತು. ಆದ್ರೂ ಇನ್ನು ಇದು ವಾಟರ್ ಪ್ರೂಫ್ ಅಲ್ಲ, ಒಂದ್ಸಲ ಬಿಚ್ಚಿದ್ಮೇಲೆ ಆ ಐಪಿ ನಂಬರ್ ಮರೆತುಬಿಡು ಅಂತ ಕೊಡುವಾಗ ಎರಡೆರಡು ಸಲ ಹೇಳಿದ್ರು.

ಸೌಂಡ್ ಹೇಗಿದೆ ಅಂದ್ರೆ, ಮೊದಲಿನ ಹಾಗೇ ಇದೆ ಅಂತ ಹೇಳಿದ್ರೆ ಸುಳ್ಳಾಗ್ತದೆ. ಮದ್ದಲೆ ಮದ್ದಲೆ ಹಾಗೇ ಕೇಳ್ತದೆ, ಸ್ವಲ್ಪ ಆಳ ಕಮ್ಮಿ. ಚಂಡೆ ಒಂಚೂರು ಕಿವಿಗೆ ಹೊಡೀತದೆ. ಬೋರ್ಡಲ್ಲಿ ಕಂಪನಿಯವ್ರು ಹಳೇ ಡ್ರೈವರಿಗೆ ಅಂತಾನೇ ಬೇಸ್ ಟ್ರೆಬಲ್ ಸೆಟ್ ಮಾಡಿಟ್ಟಿರ್ತಾರಲ್ಲ, ಅದು ಹೊಸದಕ್ಕೆ ಪೂರ್ತಿ ಹೊಂದಲ್ಲ. ಫೋನಿನ ಈಕ್ವಲೈಜರಲ್ಲಿ ಟ್ರೆಬಲ್ ಎರಡು ಮನೆ ಇಳಿಸಿದ್ಮೇಲೆ ಅಪ್ಪ ಸುಮ್ನಾದ್ರು, ಅವರು ಸುಮ್ನಾದ್ರೆ ಪಾಸ್ ಅಂತ ಅರ್ಥ. ಫುಲ್ ವಾಲ್ಯೂಮ್ ಇಡ್ಬೇಡ, ಎಂಬತ್ತಕ್ಕೆ ನಿಲ್ಸು ಅಂದಿದ್ರು ಮಾಮ, ನಾವು ಎಪ್ಪತ್ತು ದಾಟಲ್ಲ.

ಒಟ್ಟು ಆಗಿದ್ದು 680 ಪಾರ್ಟಿಗೆ, 350 ಕೂಲಿ, 1,030. ಬಿಲ್ ಕೊಡಲ್ಲ, ಯುಪಿಐ ನಡೀತದೆ. ಗ್ಯಾರಂಟಿ ಕೇಳ್ದೆ, 'ಮೂರು ತಿಂಗ್ಳು, ತೀಳಮಾತಿಗೆ ಹೋಗದಿದ್ರೆ' ಅಂದ್ರು. ಹಳೇ ಡ್ರೈವರ್ ಎರಡೂ ಕೇಳಿ ಇಸ್ಕೊಂಡೆ, ನೀವೂ ಕೇಳಿ, ಕೊಡ್ತಾರೆ. ಎಡಗಡೇದು ಚೆನ್ನಾಗೇ ಇದೆ, ಎಲ್ಲಾದ್ರೂ ಉಪಯೋಗಕ್ಕೆ ಬರ್ತದೆ. ಬಲಗಡೇದು ಮಗನ ಪಾಲು, ಅವ್ನು ಅದರ ಮ್ಯಾಗ್ನೆಟ್ ಹಿಡ್ಕೊಂಡು ಅಂಗಳದಲ್ಲಿ ಎಲ್ಲೆಲ್ಲಿ ಕರಿ ಕಾಳು ಸಿಗ್ತದೆ ಅಂತ ಹುಡುಕ್ತಾ ಇದ್ದಾನೆ.

ಹೋಗೋರು ಬೆಳಿಗ್ಗೆ ಹತ್ತೂವರೆ ಮೇಲೆ ಹೋಗಿ, ಮಧ್ಯಾಹ್ನ ಒಂದೂವರೆಗೆ ಮೀನೂಟಕ್ಕೆ ಬಾಗಿಲು ಹಾಕಿದ್ರೆ ಮತ್ತೆ ತೆಗೆಯೋದು ನಾಲ್ಕಕ್ಕೆ, ರವಿವಾರ ಸಂತೆ ದಿನ ಗಲ್ಲಿಗೆ ಗಾಡಿ ಒಳಗೆ ಹೋಗಲ್ಲ. ತಗೊಳ್ಳೋ ಮೊದ್ಲು ಅಲ್ಲೇ ನಿಮ್ಮ ಫೋನ್ ಕನೆಕ್ಟ್ ಮಾಡಿ ಬೇಸ್ ಇರೋ ಹಾಡು ಹಾಕಿ, ಹಿಂದೆ ಬೆರಳಿಟ್ಟು ರಬ್ಬರ್ ಆಡ್ತದಾ ನೋಡಿ, ಚಾರ್ಜಿಗೂ ಹಾಕಿ ನೋಡಿ. ಕೆಲ್ಸಕ್ಕೆ ಐದಕ್ಕೆ ಐದು, ಫೋನ್ ಎತ್ತದಿದ್ದಕ್ಕೆ ಒಂದು ಕಟ್, ನಾಲ್ಕು ಸ್ಟಾರ್.

ನಮ್ಮನೆ ಮಿಕ್ಸಿನೂ ಈಗ ಅಲ್ಲೇ ಕೊಟ್ಟು ಬಂದಿದೀನಿ, ಹೋದ ಮಂಗಳವಾರ. ಅಮ್ಮ ಅಲ್ಲಿಂದ ಒರಳಲ್ಲೇ ಕಾಯಿ ರುಬ್ತಾ ಇದ್ದಾರೆ.